ಇಲ್ಲಿ ಫೋಟೋ ಇಲ್ಲ

ಗದಗ,
ಫೆಬ್ರವರಿ ೩೦, ೨೨೧೯

ಮೂರನೇ ಸೆಮಿಸ್ಟರಿನ ವಿದ್ಯಾರ್ಥಿಗೆ,

ತಾರೀಖು ನೋಡಿ ನಗಬೇಡ. ನಮ್ಮಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಅಜ್ಜಿಯ ಕಾಲದಲ್ಲಿ ಯಾರೋ ಜಾಣರು ಕೂತು ಜನವರಿಯಿಂದ ಒಂದು ದಿನ, ಮಾರ್ಚಿನಿಂದ ಒಂದು ದಿನ ಕಿತ್ತು ಇದಕ್ಕೆ ಅಂಟಿಸಿದರು. ಹಾಗೆ ಬಂದ ಈ ಮೂವತ್ತನೆಯ ದಿನ ಯಾರೂ ಕೆಲಸ ಮಾಡುವುದಿಲ್ಲ, ಹಿಂದೋಲೆ ಬರೆಯುತ್ತಾರೆ. ಹಿಂದೋಲೆ ಎಂದರೆ ನಮಗಿಂತ ಮೊದಲು ಇದ್ದುಹೋದವರಿಗೆ ಬರೆಯುವ ಕಾಗದ. ಅಂಚೆ ಕಚೇರಿಯವರು ಅಂದು ಒಂದು ಬೇರೆ ಪೆಟ್ಟಿಗೆಯನ್ನೇ ಇಡುತ್ತಾರೆ. ಅದರೊಳಗೆ ಬಿದ್ದ ಕಾಗದ ಎಲ್ಲಿಗೆ ಹೋಗುತ್ತದೆಂದು ಅವರು ಹೇಳಿಲ್ಲ, ನಾವೂ ಕೇಳಿಲ್ಲ. ತಲುಪಿತು ಎಂದು ಹೇಳಲು ಯಾರೂ ಬಂದಿಲ್ಲ, ತಲುಪಲಿಲ್ಲ ಎಂದು ದೂರು ಕೊಡಲೂ ಬಂದಿಲ್ಲ.

ನಿನ್ನನ್ನು ನೀನು ಎನ್ನಬೇಕೋ ನೀವು ಎನ್ನಬೇಕೋ ಎಂದು ಬೆಳಗಿನಿಂದ ಯೋಚಿಸಿದೆ. ನೀನು ನನಗಿಂತ ಸುಮಾರು ನೂರೈವತ್ತು ವರ್ಷ ಹಿರಿಯ ಜೀವ. ಆದರೆ ನಾನು ಬರೆಯುತ್ತಿರುವುದು ಕಾಲೇಜಿನಲ್ಲಿದ್ದ ನಿನಗೆ, ಆಗ ನಿನಗೆ ಇಪ್ಪತ್ತು ತುಂಬಿದ್ದರೆ ಹೆಚ್ಚು. ನನಗೆ ಎಪ್ಪತ್ತೊಂದು. ಹೀಗಾಗಿ ನೀನು ಎಂದೇ ಕರೆಯುತ್ತೇನೆ. ನನ್ನ ಕೆಲವು ಮಾತು ನಿನಗೆ ವಿಚಿತ್ರ ಅನ್ನಿಸಬಹುದು, ಹೊಟ್ಟೆಗೆ ಹಾಕಿಕೊ.

ನಿನ್ನ ಹೆಸರು ನನಗೆ ಗೊತ್ತಿಲ್ಲ. ನಿನ್ನ ಕಿರುಚಿತ್ರ ನಮ್ಮ ಚಿತ್ರಶಾಲೆಯ ಉಗ್ರಾಣಕ್ಕೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಬಂದು ಸೇರಿತು. ಡಬ್ಬಿಯ ಮುಚ್ಚಳದ ಒಳಗೆ ನೀನು ಅಂಟಿಸಿದ ಚೀಟಿಯನ್ನು ಗೆದ್ದಲು ತಿಂದು ‘ಮೂರನೇ ಸೆಮಿಸ್ಟರ್’ ಎಂಬುದಷ್ಟೇ ಉಳಿದಿದೆ. ಚಿತ್ರ ಏಳು ನಿಮಿಷದ್ದು. ಇಪ್ಪತ್ತಾರು ಫೋಟೋಗಳು, ಒಂದೂ ಅಲುಗಾಡುವುದಿಲ್ಲ. ನಿನ್ನ ಸೋದರಮಾವ ಬಸ್ ಕಂಡಕ್ಟರ್. ಟಿಕೆಟ್ ಚೀಲ ನೇತುಹಾಕಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ನಿಂತು ನಗುತ್ತಿದ್ದಾನೆ. ಆಮೇಲೆ ಪರದೆ ಹನ್ನೊಂದು ಸೆಕೆಂಡು ಪೂರ್ತಿ ಕಪ್ಪು. ಆ ಕಪ್ಪಿನಲ್ಲಿ ನಿನ್ನ ದನಿ, "ಇಲ್ಲಿ ಫೋಟೋ ಇಲ್ಲ. ಆ ದಿನ ನಮ್ಮನೇಲಿ ಯಾರೂ ಕ್ಯಾಮೆರಾ ಮುಟ್ಟಲಿಲ್ಲ." ಆಮೇಲೆ ಗೋಡೆಯ ಮೊಳೆಗೆ ನೇತುಹಾಕಿದ ಖಾಕಿ ಅಂಗಿ. ಅಷ್ಟೇ. ಅವತ್ತು ನಿನಗೆ ನೆಗಡಿಯಾಗಿತ್ತು. ಗಂಟಲು ಎಷ್ಟು ಕಟ್ಟಿದೆಯೆಂದರೆ ನೀನು ಹುಡುಗನೋ ಹುಡುಗಿಯೋ ಎಂದು ನಮ್ಮಲ್ಲಿ ಇಂದಿಗೂ ಜಗಳ ನಡೆಯುತ್ತದೆ. ನಾನು ಹುಡುಗಿ ಎನ್ನುವ ಕಡೆಯವಳು.

ನಮ್ಮ ಕಾಲದ ವಿಚಾರ ಸ್ವಲ್ಪ ಹೇಳಬೇಕು. ನಿನ್ನ ನಂತರ ಬಹಳ ವರ್ಷ ಮಬ್ಬುಗಾಲ ಎಂಬುದೊಂದು ನಡೆಯಿತು. ಕಣ್ಣಿಗೆ ಕಂಡ ಯಾವ ಚಿತ್ರವನ್ನೂ ನಂಬಲಾಗದ ಕಾಲ. ಸತ್ತವರು ಭಾಷಣ ಮಾಡುತ್ತಿದ್ದರು, ಬದುಕಿದ್ದವರು ತಾವು ಮಾಡದ ತಪ್ಪಿಗೆ ಪರದೆಯ ಮೇಲೆ ಸಿಕ್ಕಿಬೀಳುತ್ತಿದ್ದರು. ಕೊನೆಗೆ ಜನಕ್ಕೆ ಸಾಕಾಗಿ ಕಾಗದದ ಫೋಟೋಗೇ ಮರಳಿದರು. ತೆಗೆದ ದಿನವೇ ಅದರ ಬೆನ್ನಿಗೆ ಸಾಕ್ಷಿಮುದ್ರೆ ಒತ್ತಿಸಬೇಕು. ಆದರೂ ತುಂಬುಗ ಎಂಬ ಯಂತ್ರ ಬಜಾರಿನಲ್ಲಿ ಇಂದಿಗೂ ಇದೆ. ಕೂತ ಫೋಟೋ ಒಂದು, ನಿಂತ ಫೋಟೋ ಒಂದು ಕೊಟ್ಟರೆ ನಡುವೆ ಎದ್ದು ನಿಲ್ಲುವುದನ್ನು ಅದೇ ಕಟ್ಟಿಕೊಡುತ್ತದೆ. ಮದುವೆಗಳಲ್ಲಿ ತೀರಿಹೋದ ಅಜ್ಜಂದಿರು ಅದರ ದಯೆಯಿಂದ ಅಕ್ಷತೆ ಹಾಕುತ್ತಾರೆ. ಮದುವೆ ಮನೆಯಲ್ಲವೇ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನಮ್ಮ ಚಿತ್ರಶಾಲೆಯಲ್ಲಿ ಮಾತ್ರ ತುಂಬುಗಕ್ಕೆ ಪ್ರವೇಶವಿಲ್ಲ. ಶಾಲೆ ನೆಲದ ಕೆಳಗಿದೆ, ಹತ್ತು ಗಂಟೆಯ ನಂತರ ಮೇಲೆ ನಿಲ್ಲುವಂಥ ಬಿಸಿಲಲ್ಲ ನಮ್ಮದು. ಬೆಳಗಿನ ಐದಕ್ಕೆ ಪಾಠ ಶುರು. ಸೊಂಟಕ್ಕೆ ನೀರಿನ ಬುಡ್ಡಿ, ಬುತ್ತಿಯಲ್ಲಿ ಜೋಳದ ರೊಟ್ಟಿ. ರೊಟ್ಟಿ ಬದಲಾಗಿಲ್ಲ, ಗಾಬರಿಯಾಗಬೇಡ. ಮೇಜಿನ ಮೇಲೆ ಫೋಟೋ ಇಟ್ಟು, ಗಾಜು ಮುಚ್ಚಿ, ಮೇಲಿನಿಂದ ಕ್ಯಾಮೆರಾ ಹಿಡಿಯುತ್ತೇವೆ. ಪ್ರತಿ ಫೋಟೋ ಎಷ್ಟು ಹೊತ್ತು ಪರದೆಯ ಮೇಲೆ ಇರಬೇಕೆಂದು ಉಸಿರಿನಿಂದ ಅಳೆಯುತ್ತೇವೆ. ಒಂದು ಉಸಿರು, ಎರಡು ಉಸಿರು, ಅಳುವಂಥದ್ದಾದರೆ ಮೂರು. ಫೋಟೋ ಇಲ್ಲದ ಕಡೆ ಕರಿ ಕಾಗದ ಇಟ್ಟು "ಇಲ್ಲಿ ಫೋಟೋ ಇಲ್ಲ" ಎಂದು ಹೇಳಲೇಬೇಕು. ಈ ಪದ್ಧತಿ ನಮಗೆ ಬಂದದ್ದು ನಿನ್ನಿಂದ. ನಿನಗೆ ಗುಡಿ ಕಟ್ಟಿಸಿಲ್ಲ, ಅದೊಂದೇ ಬಾಕಿ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನಾನೂ ಅಂಥದೊಂದು ಚಿತ್ರ ಮಾಡಿದೆ. ಅದರ ಸಂಗತಿ ಹೇಳಿಕೊಳ್ಳಲೆಂದೇ ಈ ಕಾಗದ.

ನನ್ನ ಅಪ್ಪ ಬಸವಂತಪ್ಪ ಗಾಣಗೇರ. ನನಗೆ ನಾಲ್ಕು ವರ್ಷವಿದ್ದಾಗ ಕಡಲಗೋಡೆಯ ಕೆಲಸಕ್ಕೆ ಹೋದ. ಸಮುದ್ರ ಒಳಗೆ ಬರದಂತೆ ಕರಾವಳಿಯುದ್ದಕ್ಕೂ ಕಟ್ಟುತ್ತಿದ್ದ ಗೋಡೆ ಅದು. ಹೋಗುವವರು ಹೊಸ್ತಿಲು ದಾಟುವ ಹೊತ್ತಿಗೆ ಮನೆಯವರೇ ಒಂದು ಫೋಟೋ ತೆಗೆದು ಮುದ್ರೆ ಒತ್ತಿಸಿ ಕಚೇರಿಗೆ ಕೊಡಬೇಕಿತ್ತು. ಹೊರಡುಫೋಟೋ ಎನ್ನುತ್ತಿದ್ದರು. ಅಪ್ಪ ಅವ್ವನಿಗೆ ಒಂದು ಮಾತೂ ಹೇಳದೆ ಹೆಸರು ಬರೆಸಿಬಂದಿದ್ದ. ಅಂದು ಬೆಳಗಿನಿಂದ ಇಬ್ಬರಿಗೂ ಜಗಳ. ಕೊನೆಗೆ ಅವ್ವ ಕ್ಯಾಮೆರಾ ಹಿಡಿದು, "ಈ ಕಡೆ ಮಾರಿ ಮಾಡ್ರಿ, ಫೋಟೋ ತಗೀಬೇಕು" ಎಂದಳಂತೆ. ಅಪ್ಪ ತಿರುಗಲಿಲ್ಲ. ಅವ್ವನೂ ಹಟಕ್ಕೆ ಬಿದ್ದು ಬೆನ್ನಿನ ಫೋಟೋವನ್ನೇ ತೆಗೆದಳು. ಕಚೇರಿಯವರು ಅದನ್ನೇ ಒಪ್ಪಿಕೊಂಡರು. ಏಳು ತಿಂಗಳಿಗೆ ಗೋಡೆಯ ಒಂದು ಭಾಗವನ್ನು ಅಲೆ ಎಳೆದುಕೊಂಡು ಹೋಯಿತು, ಅದರ ಜೊತೆ ಅಪ್ಪನೂ ಹೋದ.

ನನ್ನ ಅವ್ವ ನೀಲಗಂಗವ್ವ ಗಟ್ಟಿ ಹೆಂಗಸು. "ಹೊಳ್ಳಿ ಸುದ್ದಾ ನೋಡಲಿಲ್ಲ ನೋಡು ನಿಮ್ಮಪ್ಪ, ಅಷ್ಟು ಸೊಕ್ಕು!" ಎಂದು ದಿನಕ್ಕೊಮ್ಮೆ ಅನ್ನದಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಆ ಸಿಟ್ಟಿನ ಮೇಲೆಯೇ ಅವಳು ಎದ್ದಳು, ದುಡಿದಳು, ನನ್ನನ್ನು ಓದಿಸಿದಳು. ಅದು ಅವಳ ಊರುಗೋಲು ಎಂದು ನನಗಾಗ ತಿಳಿಯಲಿಲ್ಲ. ಅವಳಿಗೆ ಒಂದಿಷ್ಟು ಸಮಾಧಾನ ಕೊಡೋಣ ಎಂದುಕೊಂಡೆ.

ಅಪ್ಪನ ಫೋಟೋ ಇದ್ದದ್ದು ಒಂಬತ್ತು. ಎಂಟನೆಯದರಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಗುತ್ತಾನೆ. ಒಂಬತ್ತನೆಯದರಲ್ಲಿ ಬೆನ್ನು. ನಾನು ಶಾಲೆಗೆ ಗೊತ್ತಾಗದ ಹಾಗೆ ಬಜಾರಿಗೆ ಹೋಗಿ ಒಂಬತ್ತನೆಯದನ್ನೂ ಎಂಟನೆಯದನ್ನೂ ತುಂಬುಗಕ್ಕೆ ಕೊಟ್ಟೆ. ಹೊಸ್ತಿಲಲ್ಲಿ ನಿಂತ ಅಪ್ಪ ಮೆಲ್ಲಗೆ ತಿರುಗಿ ನೋಡಿದ, ನಕ್ಕ, ಒಂದು ಗಳಿಗೆ ನಿಂತ, ಆಮೇಲೆ ಹೊರಟ. ನಾಲ್ಕು ಉಸಿರಿನಷ್ಟು. ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅಂಗಡಿಯಲ್ಲೇ ನಿಂತು ಅತ್ತೆ.

ನಮ್ಮ ಮೇಷ್ಟ್ರು ಮೌನೇಶ ಬಡಿಗೇರ. ಬೈಯಲು ಬಾರದ ಮನುಷ್ಯ. ಅವರು ನೋಡಿದ ಕೂಡಲೇ ಯಂತ್ರ ನಿಲ್ಲಿಸಿದರು. "ಯವ್ವಾ, ಈ ನಾಕು ಉಸಿರು ಎಲ್ಲಿಂದ ತಂದಿ?" ಎಂದರು. ನಾನು ಬಜಾರಿನ ಹೆಸರು ಹೇಳಿದೆ. "ಇದು ನಿಮ್ಮಪ್ಪ ಅಲ್ಲ, ಯವ್ವಾ. ಇದು ನಿನ್ನ ಆಸೀ. ನಿಮ್ಮಪ್ಪನ ಅಂಗಿ ಹಾಕ್ಕೊಂಡು ನಿಂತೈತಿ" ಎಂದರು. ನಾನು ಅದನ್ನು ಕಿತ್ತುಹಾಕಿ ಕರಿ ಕಾಗದ ಇಟ್ಟೆ. ಪಾಸಾದೆ, ಹೊಗಳಿಸಿಕೊಂಡೆ ಕೂಡ. ಆದರೆ ಆ ನಾಲ್ಕು ಉಸಿರು ಇದ್ದ ಇನ್ನೊಂದು ಪ್ರತಿಯನ್ನು ಮನೆಗೆ ಒಯ್ದೆ.

ಅವ್ವ ನೋಡಿದಳು. ಆಮೇಲೆ, "ಇನ್ನೊಮ್ಮೆ ಹಚ್ಚವಾ" ಎಂದಳು. ಅಂದು ಆರು ಸಲ ಹಚ್ಚಿದೆ. ಮರುದಿನದಿಂದ ತಾನೇ ಹಚ್ಚಿಕೊಳ್ಳಲು ಕಲಿತಳು. ಒಂದೆರಡು ವರ್ಷ ಅವಳನ್ನು ನೋಡುವುದೇ ಚೆಂದ. ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು, ರೊಟ್ಟಿ ಬಡಿಯುತ್ತಾ ಹಾಡುತ್ತಿದ್ದಳು. ನೆರೆಮನೆಯವರಿಗೆಲ್ಲ "ಅಂವ ಹೊಳ್ಳಿ ನೋಡಿ ನಕ್ಕಿದ್ದ" ಎಂದು ಹೇಳುತ್ತಿದ್ದಳು. ಇದು ನಿಜವಲ್ಲ ಎಂದು ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಒಳಗೊಳಗೇ ಹೆಮ್ಮೆಪಟ್ಟೆ.

ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದವಳ ಕೈ ನಿಂತಿತು. ಹಿಟ್ಟನ್ನೇ ನೋಡುತ್ತಾ ಕೇಳಿದಳು, "ಅಂವ ಹೊಳ್ಳಿ ನೋಡಿದ್ನಲ್ಲ. ನಿಂತಿದ್ನಲ್ಲ. ಕರದಿದ್ರ ಬರತಿದ್ದ. ನಾ ಯಾಕ ಕರೀಲಿಲ್ಲ?"

ಅಪ್ಪ ತಿರುಗಿ ನೋಡದೆ ಹೋದಾಗ ತಪ್ಪು ಅಪ್ಪನದಾಗಿತ್ತು, ಅವ್ವ ಬೈದು ಹಗುರಾಗುತ್ತಿದ್ದಳು. ನಾನು ಅವನನ್ನು ತಿರುಗಿಸಿ ನಿಲ್ಲಿಸಿದೆ. ನಿಂತವನನ್ನು ಕರೆಯದೆ ಸಾವಿಗೆ ಕಳಿಸಿದವಳು ಈಗ ಅವಳಾದಳು. ಅಂದಿನಿಂದ ಹಾಡು ನಿಂತಿತು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಎರಡೂ ಪ್ರತಿ ಮುಂದಿಟ್ಟೆ. ಬಜಾರಿಗೆ ಕರೆದೊಯ್ದು ಅವಳ ಎರಡು ಫೋಟೋಗಳನ್ನೇ ತುಂಬುಗಕ್ಕೆ ಕೊಟ್ಟು, ಅವಳು ಎಂದೂ ಕುಣಿಯದ ಕುಣಿತವನ್ನು ತೋರಿಸಿದೆ. ಅದನ್ನು ನೋಡಿ ನಕ್ಕಳು. ಅಪ್ಪನ ವಿಷಯಕ್ಕೆ ಬಂದರೆ ಮಾತ್ರ ಜಗ್ಗಲಿಲ್ಲ. "ನೀ ಆಗ ನಾಕು ವರ್ಷದ ಕೂಸು. ನಿನಗೇನು ಗೊತ್ತು? ಕ್ಯಾಮೆರಾ ಹಿಡಕೊಂಡು ನಿಂತಾಕಿ ನಾ. ನನ್ನ ಕಣ್ಣಾರೆ ಕಂಡೇನಿ" ಎಂದಳು. ಆ ಪ್ರತಿಯನ್ನು ಒಲೆಗೆ ಹಾಕಿದೆ. ಏನೂ ಉಪಯೋಗವಾಗಲಿಲ್ಲ, ಅದು ಅವಳೊಳಗೆ ಇಳಿದುಬಿಟ್ಟಿತ್ತು.

ಅವಳು ತೀರಿಕೊಂಡಿದ್ದು ಎಪ್ಪತ್ತೆಂಟಕ್ಕೆ. ಕೊನೆಯ ಬೆಳಗ್ಗೆ ಬಾಗಿಲ ಕಡೆ ಕೈ ಚಾಚಿ, ಮನೆಯೆಲ್ಲ ಕೇಳುವಂತೆ, "ನಿಂದರ್ರೀ! ಹೋಗಬ್ಯಾಡ್ರಿ, ನಿಂದರ್ರೀ!" ಎಂದು ಕೂಗಿದಳು. ಐವತ್ತನಾಲ್ಕು ವರ್ಷ ತಡವಾಗಿ ಕರೆದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ನಾನೇ ಇದನ್ನು ಮಾಡಿದೆ ಎಂಬ ದುಃಖ ಹದಿಮೂರು ವರ್ಷವಾದರೂ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಇನ್ನೂ ಕೆಟ್ಟದ್ದೆಂದರೆ, ಅಂದು ಹೊಸ್ತಿಲ ಬಳಿ ನಾನೂ ಇದ್ದೆ. ನನಗೂ ಒಂದು ನೆನಪು ಇದ್ದಿರಬೇಕು. ಈಗ ಕಣ್ಣು ಮುಚ್ಚಿದರೆ ಬರುವುದು ಬಜಾರಿನಲ್ಲಿ ಮಾಡಿಸಿದ ಆ ನಗುವೊಂದೇ.

ಈಗ ನನ್ನ ಬೇಡಿಕೆ. ಚಿತ್ರಶಾಲೆಯ ಹೊಸ ಸಮಿತಿಯವರು ಹಳೆಯ ಚಿತ್ರಗಳ ದುರಸ್ತಿಗೆ ಹೊರಟಿದ್ದಾರೆ. ನಿನ್ನ ಹನ್ನೊಂದು ಸೆಕೆಂಡು ಡಬ್ಬಿಯಲ್ಲಿ ಕೊಳೆತು ಆದ ಹಾನಿ ಎಂದು ಅವರ ತೀರ್ಮಾನ. ‘ಫೋಟೋ ಇಲ್ಲ’ ಎಂಬ ನಿನ್ನ ದನಿ ಇದೆಯಲ್ಲ ಎಂದರೆ, ಅದನ್ನು ನಂತರದವರು ಯಾರೋ ಸೇರಿಸಿರಬೇಕು ಎನ್ನುತ್ತಾರೆ. ಇದೇ ಮಾರ್ಚ್ ಹತ್ತಕ್ಕೆ ತುಂಬುಗ ಮೊದಲ ಸಲ ನಮ್ಮ ಮೆಟ್ಟಿಲು ಇಳಿಯಲಿದೆ. ನಿನ್ನ ಮಾವ ಬಸ್ಸಿನಿಂದ ಇಳಿದು, ಅಂಗಿ ಬಿಚ್ಚಿ, ಮೊಳೆಗೆ ನೇತುಹಾಕಿ, ನಿನ್ನ ಕಡೆ ನೋಡಿ ನಗಲಿದ್ದಾನೆ. ಬೇಡವೆಂದು ನಾನೊಬ್ಬಳೇ ಕೂಗಾಡುತ್ತಿದ್ದೇನೆ. ಮುದುಕಿಗೆ ಅರಳುಮರಳು ಎಂದು ಅವರು ನನಗೆ ಮಜ್ಜಿಗೆ ತರಿಸಿಕೊಡುತ್ತಾರೆ.

ನಿನ್ನ ಪಕ್ಕದಲ್ಲಿ ಕೂತ ಗೆಳೆಯರೂ ಹೇಳಬಹುದು, ಹನ್ನೊಂದು ಸೆಕೆಂಡು ಹೆಚ್ಚಾಯಿತು, ಜನ ಕರೆಂಟ್ ಹೋಯಿತು ಎಂದುಕೊಳ್ಳುತ್ತಾರೆ, ಅಲ್ಲೊಂದು ಸೂರ್ಯಾಸ್ತ ಹಾಕು ಎಂದು. ಹಾಕಬೇಡ. ನೆಗಡಿ ವಾಸಿಯಾದ ಮೇಲೆ ದನಿಯನ್ನು ಮತ್ತೆ ಮುದ್ರಿಸಲೂ ಬೇಡ. ಇನ್ನೊಂದೇ ಒಂದು ಕೆಲಸ ಮಾಡು. ಚೀಟಿಯನ್ನು ಗೆದ್ದಲು ತಿನ್ನುತ್ತದೆ, ಅದಕ್ಕೆ ಡಬ್ಬಿಯ ತಳದಲ್ಲಿ, ತಗಡಿನ ಮೇಲೆಯೇ, ಮೊಳೆಯಿಂದ ಗೀಚಿ ಒಂದು ಸಾಲು ಬರೆ: ಕಪ್ಪು ನಾನೇ ಇಟ್ಟದ್ದು.

ನಿನ್ನೆ ಸಂಜೆ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿದೆ. ತಳದಲ್ಲಿ ಏನೂ ಇರಲಿಲ್ಲ. ಈ ಕಾಗದವನ್ನು ಈಗಲೇ ಪೆಟ್ಟಿಗೆಗೆ ಹಾಕಿಬರುತ್ತೇನೆ. ನಾಳೆ ಬೆಳಗ್ಗೆ ಐದಕ್ಕೆ ಉಗ್ರಾಣದ ಬಾಗಿಲು ತೆಗೆಯುತ್ತಾರೆ. ಎಲ್ಲರಿಗಿಂತ ಮೊದಲು ಹೋಗಿ, ಡಬ್ಬಿಯನ್ನು ಮಗುಚಿ ನೋಡುತ್ತೇನೆ.

ಚಿನ್ಮಯಿ ಗಾಣಗೇರ