ಯಾರೂ ಮುಟ್ಟದ ಜಿಗಿತ

ಹೌಗ್ಲಿ, ಟೆಲೆಮಾರ್ಕ್
ಮಾರ್ಚ್ ೧೪, ೧೮೯೬

ಪ್ರೀತಿಯ ಐವಿಂಡ್,

ಹೇಗಿದ್ದೀಯ? ಮರ ಕಡಿಯುವವರ ಗುಡಿಸಲಲ್ಲಿ ನಿನ್ನ ಕೆಮ್ಮು ಹೆಚ್ಚಾಗಿರಬೇಕು. ಕಾಲುಚೀಲ ಒಣಗಿಸಿ ಹಾಕಿಕೋ. ಹೇಳುವವರಿಲ್ಲದಿದ್ದರೆ ಒದ್ದೆಯಲ್ಲೇ ಇರುವ ಮನುಷ್ಯ ನೀನು. ನಾನು ಇದ್ದೇನೆ. ಕೆಂದ ಹಸು ಕರು ಹಾಕಿತು, ಹೆಣ್ಣು.

ಮಗನನ್ನು ಮಣ್ಣು ಮಾಡಿದ ಮರುದಿನವೇ ಕಾಡಿಗೆ ಹೊರಟುಹೋದೆಯಲ್ಲ, ಮನೆಯಲ್ಲಿ ಅವನ ಹೆಸರೆತ್ತಲು ಯಾರೂ ಇಲ್ಲ. ಇವತ್ತು ನಮ್ಮ ಸ್ವೈನುಂಗ್ ಬಹುಮಾನವಾಗಿ ಗೆದ್ದ ಬೆಳ್ಳಿ ಚಮಚಗಳನ್ನು ಉಜ್ಜಿಟ್ಟೆ. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಕೊಟ್ಟಿಗೆಯ ಮಾಡಿನಿಂದ ಹಿಮಕ್ಕೆ ಜಿಗಿದು ಹಲ್ಲು ಮುರಿದುಕೊಂಡವನು, ಮೀಸೆ ಮೂಡುವ ಮೊದಲೇ ಚರ್ಚಿನ ಗುಡ್ಡದ ಜಿಗಿತದ ಪಂದ್ಯದಲ್ಲಿ ಮೊದಲ ಚಮಚ ಗೆದ್ದ. ಆಮೇಲೆ ಪಕ್ಕದ ಕಣಿವೆ, ಆಮೇಲೆ ರಾಜಧಾನಿ. ಅಲ್ಲಿ ಪಟ್ಟಣದವರು ಕೋಲು ಹಿಡಿದು ಜಿಗಿದರೆ, ನಮ್ಮವನು ಬರಿಗೈಯಲ್ಲಿ ಹಾರಿ, ಟೊಪ್ಪಿಗೆಯೂ ಅಲುಗದಂತೆ ಒಂದು ಮೊಣಕಾಲು ಬಗ್ಗಿಸಿ ಇಳಿದನಂತೆ. ಜನ ಹೊಗಳಿದರೆ, "ಅಪ್ಪ ಮಾಡಿದ ಸ್ಕೀ ಹಾರ್ತದೆ, ನಾನು ಸುಮ್ನೆ ಮೇಲೆ ನಿಂತಿರ್ತೀನಿ" ಅನ್ನುತ್ತಿದ್ದ.

ಬಿದ್ದವನು ತಾನೇ ಎದ್ದು ಗುಡ್ಡದ ಬುಡದವರೆಗೆ ಜಾರಿ ಬಂದರೆ ಮಾತ್ರ ಜಿಗಿತ ಲೆಕ್ಕಕ್ಕುಂಟು, ಯಾರಾದರೂ ಮುಟ್ಟಿದರೆ ಇಲ್ಲ. ಈ ಕಟ್ಟಳೆಯನ್ನು ನಾವು ಎದೆಹಾಲಿನ ಜೊತೆಯೇ ಕುಡಿದವರು. ಅವತ್ತಿನ ಕೊನೆಯ ಪಂದ್ಯದಲ್ಲಿ ಅವನು ಯಾರೂ ಹಾರದಷ್ಟು ದೂರ ಹಾರಿ, ಎದೆಯೂರಿ ಬಿದ್ದ. ಜನ ಓಡಿಬಂದರು. ನೀನು ತೋಳು ಚಾಚಿ ಅಡ್ಡ ನಿಂತೆ. "ಯಾರೂ ಮುಟ್ಬೇಡಿ. ಅವ್ನೇ ಏಳ್ತಾನೆ." ಎಲ್ಲರೂ ನಿಂತರು, ಪಾದ್ರಿಗಳೂ ನಿಂತರು. ಅವನು ಮೊಣಕೈ ಊರಿ ಎದ್ದ, ಮತ್ತೆ ಬಿದ್ದ, ಮತ್ತೆ ಎದ್ದ. ಜಾರಿ ಬಂದು ನಿನ್ನ ಕಾಲಬುಡದಲ್ಲೇ ಕುಸಿದ. ಕೂಡಲೇ ಎತ್ತಿಕೊಂಡು ಬಂದಿದ್ದರೆ ಉಳಿಯುತ್ತಿದ್ದನೋ ಏನೋ, ವೈದ್ಯರೂ ಹೇಳಲಾರರು.

ನನಗೆ ನಿನ್ನ ಮೇಲೆ ಸಿಟ್ಟಿದೆ, ಸುಳ್ಳು ಹೇಳಲಾರೆ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು ಹಾಲು ಕರೆಯುತ್ತೇನೆ. ಆದರೆ ಇಬ್ಬರನ್ನೂ ಕಳೆದುಕೊಂಡು ಬದುಕುವಷ್ಟು ಗಟ್ಟಿಗಿತ್ತಿ ನಾನಲ್ಲ.

ದೇವರು ನಿನ್ನ ಕೊಡಲಿಯನ್ನೂ ಕಾಲನ್ನೂ ಕಾಯಲಿ.

ನಿನ್ನ
ಆಸ್ಲೌಗ್

ಮರೆಯುವ ಮುನ್ನ: ಕಾಗದ ಒಯ್ಯುವವನು ಅಂಗಳದಲ್ಲಿ ಅವಸರ ಮಾಡುತ್ತಿದ್ದಾನೆ. ನೀನು ವೈದ್ಯರನ್ನು ಕರೆತರಲು ಹೋಗಿದ್ದಾಗ ಮಗನಿಗೆ ಎಚ್ಚರವಾಗಿತ್ತು. "ಅಮ್ಮಾ, ಯಾರೂ ನನ್ನ ಮುಟ್ಲಿಲ್ಲ ತಾನೆ?" ಎಂದು ಕೇಳಿದ. ಇಲ್ಲ ಕಂದಾ, ಅಪ್ಪ ಯಾರನ್ನೂ ಬಿಡಲಿಲ್ಲ ಎಂದೆ. ಮುರಿದ ಹಲ್ಲು ಕಾಣುವಂತೆ ನಕ್ಕ, ಐವಿಂಡ್. "ಅಪ್ಪ ಬಿಡಲ್ಲ ಅಂತ ಗೊತ್ತಿತ್ತು" ಅಂದ. ಆಮೇಲೆ ಮಾತಾಡಲಿಲ್ಲ. ಮನೆಗೆ ಬಾ.