ಹೆಬ್ಬೆರಳಿನ ತಗ್ಗು

ಡೋಲು ರಿಪೇರಿ ಅಣ್ಣನವರಿಗೆ,

ನೀವು ಹಾಕಿದ ಹೊಸ ಚರ್ಮದಲ್ಲಿ ಎಳ್ಳಷ್ಟೂ ದೋಷವಿಲ್ಲ. ಅದೇ ಈಗ ತಲೆನೋವಾಗಿದೆ. ನಮ್ಮ ಮಾವನವರಿಗೆ ಕಣ್ಣು ಕಾಣಿಸುವುದಿಲ್ಲ. ಹಳೆಯ ಚರ್ಮದಲ್ಲಿ ಅವರದೇ ಹೆಬ್ಬೆರಳು ಸವೆಸಿದ ತಗ್ಗೊಂದಿತ್ತು. ಕೈ ತಾನಾಗಿ ಅಲ್ಲಿ ಹೋಗಿ ಕೂರುತ್ತಿತ್ತು. ಈಗ ಬೆಳಗಿನಿಂದ ಸಂಜೆಯವರೆಗೆ ಡೋಲನ್ನು ಸವರುತ್ತಾರೆ, ತಿರುಗಿಸುತ್ತಾರೆ, ಬಾರಿಸುವುದಿಲ್ಲ. ಚರ್ಮ ಮಾತ್ರ ಹೊಸದು ಎಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಅವರನ್ನು ನೋಡಿ ನನಗೂ ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಡೋಲನ್ನು ವಾಪಸ್ ಕಳಿಸಿದ್ದೇನೆ. ಹಳೆಯ ಚರ್ಮದ ಅಂಚು ಹರಿದಿದ್ದರೂ ಸರಿ, ತೇಪೆ ಹಾಕಿ ಅದನ್ನೇ ಬಿಗಿದು ಕೊಡಿ. ಎಸೆದಿದ್ದರೆ ದಯವಿಟ್ಟು ಹುಡುಕಿ.

ಡೋಲನ್ನು ನನ್ನ ಕೈಗಿಡುವಾಗ ಮಾವ, “ಯಾರದ್ದೋ ಏನೋ, ಪಾಪ, ಹುಡುಕ್ತಿರ್ತಾರೆ, ಕೊಟ್ಟುಬಿಡಮ್ಮ. ಹಾಗೇ ನಮ್ಮದು ಎಲ್ಲಿದೆ ಅಂತ ಕೇಳು” ಅಂದರು.

ಇಂತಿ,
ಅವರ ಸೊಸೆ