ಒಂದು ರಾತ್ರಿಗೆ ಸಾಲುವಷ್ಟು ಕರೆಂಟು

ಸ್ಕಾರೂ ದ್ವೀಪ
ಜೂನ್ ೧೪

ಪ್ರೀತಿಯ ಮಾರೆನ್,

ನಿನ್ನ ಕಾಗದ ತಲುಪಿತು. ಸಣ್ಣ ಹಾಯಿದೋಣಿಗೆ ಕೈಗೆಟಕುವ ಬೆಲೆಯ ಲಿಥಿಯಂ ಬ್ಯಾಟರಿ ಯಾವುದು ಅಂತ ಕೇಳಿದ್ದೀಯ. ಸರಿಯಾದ ಮನುಷ್ಯನನ್ನೇ ಹಿಡಿದೆ ಮಗಳೇ. ವಿದ್ಯುತ್ತನ್ನು ಕಂಡುಹಿಡಿದವರು ಬೇರೆ ಯಾರೋ ಇರಬಹುದು, ಆದರೆ ಅದಕ್ಕೆ ಈಜು ಕಲಿಸಿದವನು ನಿನ್ನ ಸೋದರಮಾವ. ಕೋಪನ್‌ಹೇಗನ್ನಿನಲ್ಲಿ ಯಾವ ಹಡಗಿನ ದೀಪ ಮಿಣುಕಿದರೂ ಅಲ್ಲಿಯ ಎಂಜಿನಿಯರುಗಳು ಮೊದಲು ತಿರುಗಿ ನೋಡುವುದು ನಮ್ಮ ದ್ವೀಪದ ಕಡೆಗೇ. ಒಂದೇ ಕೋಣೆಯ ಶಾಲೆಯಲ್ಲಿ ಏಳು ವರ್ಷ ಕೂತೆದ್ದವನಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂತು ಅಂತ ಅವರಿಗೂ ಸೋಜಿಗ. ನಿಮ್ಮಮ್ಮ ಇದನ್ನು ಓದಿ ನಗುತ್ತಾಳೆ. ನಗಲಿ ಬಿಡು, ಹುಟ್ಟಿದಾಗಿನಿಂದ ಅಣ್ಣನನ್ನು ನೋಡಿ ನಕ್ಕವಳೇ ಅವಳು.

ಕಾಗದದ ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸಿದ್ದೀಯ. ‘ಮಾವ, ಅತ್ತೆ ದಿನಾ ಮಹಡಿ ಕಿಟಕಿ ಹತ್ರ ಕುರ್ಚಿ ಎಳ್ಕೊಂಡು ಕೂತಿರ್ತಾಳೆ, ನೀನ್ಯಾಕೆ ಇನ್ನೂ ಬಂದಿಲ್ಲ?’ ಅದಕ್ಕೆ ಉತ್ತರ, ಗಾಳಿ. ಏಪ್ರಿಲ್‌ನಿಂದ ಗಾಳಿ ನಿಮ್ಮ ಸ್ವೆನ್‌ಬೋರ್ಗ್ ಕಡೆಯಿಂದಲೇ ಹಾಯಿಗೆ ಎದುರಾಗಿ ಬೀಸುತ್ತಿದೆ, ಒಂದು ದಿನವೂ ಬಿಡುವು ಕೊಟ್ಟಿಲ್ಲ. ಈಗ ಬ್ಯಾಟರಿಯ ವಿಷಯಕ್ಕೆ ಬರೋಣ.

ಮೊದಲು ನಿಮ್ಮ ದೋಣಿಯ ಹಸಿವು ಎಷ್ಟು ಅಂತ ನೋಡು. ನಾಲ್ಕು ದೀಪ, ಎರಡು ಫೋನು, ನಿನ್ನ ಗಂಡನ ಬಿಯರ್ ತಣ್ಣಗಿಡುವ ಪುಟ್ಟ ಫ್ರಿಜ್ಜು. ಯೆಪ್ಪೆ ಬಿಯರನ್ನು ಬಲೆಚೀಲಕ್ಕೆ ಹಾಕಿ ಸಮುದ್ರಕ್ಕೆ ಇಳಿಬಿಡುವುದಾದರೆ ಅರ್ಧ ಖರ್ಚು ಉಳಿಯಿತು. ನೂರು ಆಂಪಿಯರ್ ಗಂಟೆಯದು ಒಂದು ಸಾಕು, ಎರಡು ಬೇಡ. ಹಳೆಯ ಸೀಸದ ಬ್ಯಾಟರಿ ನೂರು ಅಂತ ಹೇಳಿ ಐವತ್ತು ಕೊಟ್ಟು ಕೈ ಎತ್ತಿಬಿಡುತ್ತದೆ. ಲಿಥಿಯಂ ಹಾಗಲ್ಲ, ನೂರು ಅಂದರೆ ಹೆಚ್ಚುಕಡಿಮೆ ನೂರನ್ನೂ ಕೊಡುತ್ತದೆ. ತೂಕವೂ ಕಡಿಮೆ, ನಿಮ್ಮತ್ತೆ ಒಂದೇ ಕೈಯಲ್ಲಿ ಎತ್ತಿಯಾಳು.

ನಮ್ಮ ದೋಣಿ ‘ಲೆರ್ಕೆ’ಯ ಹಸಿವು ಬೇರೆ, ಅದು ನಿನಗೂ ಗೊತ್ತು. ನಿಮ್ಮತ್ತೆ ರಿಗ್ಮೋರ್‌ಗೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ ಅಂತ ಡಾಕ್ಟರು ರಾತ್ರಿಯಿಡೀ ಗಾಳಿ ಊದುವ ಆ ಮುಖವಾಡದ ಯಂತ್ರ ಕೊಟ್ಟ ಮೇಲೆ, ನಾವು ಅದನ್ನು ದೋಣಿಯಲ್ಲಿ ಸೀಸದ ಬ್ಯಾಟರಿಗೆ ಜೋಡಿಸಿ ಲಂಗರು ಹಾಕಿ ಮಲಗಿದ್ದು ಒಂದೇ ಸಲ. ನಡುರಾತ್ರಿ ಕರೆಂಟು ಮುಗಿಯಿತು. ಆಕೆ ಎದ್ದು ಕೂತು ಏದುಸಿರು ಬಿಡುತ್ತಿದ್ದಾಗ ನಾನು ಗೊರಕೆ ಹೊಡೆಯುತ್ತಿದ್ದೆ. ಆಮೇಲೆ ಆಕೆ ದೋಣಿ ಹತ್ತಲಿಲ್ಲ. ನಾನು ಮಾತ್ರ ಬೇಸಿಗೆಯೆಲ್ಲ ಹತ್ತುತ್ತಲೇ ಇದ್ದೆ. ಅಕ್ಟೋಬರಿನಲ್ಲಿ ಆಕೆ ಯಂತ್ರವನ್ನು ಪೆಟ್ಟಿಗೆಗೆ ಹಾಕಿಕೊಂಡು ನಿಮ್ಮ ಮಹಡಿ ಕೋಣೆಗೆ ಬಂದಾಗ, ಜಗಳ ಆಯಿತು ಅಂತ ನೀವೆಲ್ಲ ಅಂದುಕೊಂಡಿರಿ. ಜಗಳ ಏನೂ ಇಲ್ಲ. ಇಲ್ಲಿಂದ ಹೊರಡುವಾಗ ಬಾಗಿಲಲ್ಲಿ ನಿಂತು ಇಷ್ಟೇ ಹೇಳಿದಳು: ‘ಥೋರ್ವಾಲ್, ನೀನು ನೀರಮೇಲೆ ಇರೋವಾಗ ನಾನೊಬ್ಬಳೇ ಇಲ್ಲಿ ಗೋಡೆ ನೋಡ್ಕೊಂಡು ಕೂರಲ್ಲ. ದೋಣೀಲಿ ಒಂದೇ ಒಂದು ಪೂರ್ತಿ ರಾತ್ರಿ ಈ ಯಂತ್ರ ಓಡ್ಸಿ ತೋರ್ಸು, ಮಾರನೇ ದಿನಾನೇ ಬರ್ತೀನಿ.’

‘ಒಂದೇನು, ಏಳು ರಾತ್ರಿ ಓಡಿಸ್ತೀನಿ. ಮಿಕ್ಕಿದ ಕರೆಂಟಲ್ಲಿ ನಿಂಗೆ ಕೇಕು ಬೇಯಿಸ್ಕೊಡ್ತೀನಿ’ ಅಂದೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

ಅದೇ ವಾರ ಕಂಪ್ಯೂಟರಿನಲ್ಲಿ ಊರು ಹೆಸರಿಲ್ಲದ ಯಾರದೋ ಅಂಗಡಿಯಿಂದ ಎರಡು ಬ್ಯಾಟರಿ ತರಿಸಿದೆ. ಬೆಲೆ ಕೇಳಬೇಡ, ಎರಡು ಕಪ್ಪು ಕಾಫಿಯಷ್ಟು ಅಂತಿಟ್ಟುಕೋ. ಇನ್ನು ನಮ್ಮ ಬಂದರಿನ ಪದ್ಧತಿ. ಶರತ್ಕಾಲದಲ್ಲಿ ದೋಣಿ ದಡಕ್ಕೆ ಬಂದ ಕೂಡಲೇ ಬ್ಯಾಟರಿಯನ್ನು ಬಲೆ ಇಡುವ ಶೆಡ್ಡಿಗೆ ಸಾಗಿಸುವುದು, ಈಸ್ಟರ್‌ವರೆಗೂ ಚಾರ್ಜರಿಗೆ ಸಿಕ್ಕಿಸಿದ್ದು ಸಿಕ್ಕಿಸಿದ ಹಾಗೇ. ಸೀಸವನ್ನು ಚಳಿಗಾಲದಲ್ಲಿ ಉಪವಾಸ ಕೆಡವಿದರೆ ಸಾಯುತ್ತದೆ. ನಮ್ಮಪ್ಪ ಹಾಗೇ ಮಾಡಿದ, ದ್ವೀಪವೆಲ್ಲ ಹಾಗೇ ಮಾಡುತ್ತದೆ, ನಾನೂ ಮಾಡಿದೆ. ಚಾರ್ಜರಿನ ಹಸಿರು ದೀಪ ಶೆಡ್ಡಿನ ಕಿಟಕಿಯಲ್ಲಿ ಕಾಣುತ್ತಿತ್ತು. ಸಂಜೆ ಊಟ ಮುಗಿಸಿ ಹೋಗಿ ಅದನ್ನು ನೋಡಿ ಬರುತ್ತಿದ್ದೆ, ಯಾರೋ ಮನೆಯಲ್ಲಿ ಎಚ್ಚರವಿದ್ದಾರೆ ಅನ್ನಿಸುತ್ತಿತ್ತು. ರಿಗ್ಮೋರ್‌ಗೆ ಬರೆದ ಪ್ರತಿ ಕಾಗದದಲ್ಲೂ ‘ದೀಪ ಹಸಿರಾಗಿದೆ’ ಅಂತ ಬರೆದೆ. ಜನವರಿಯಲ್ಲಿ ದಡದ ನೀರು ಹೆಪ್ಪುಗಟ್ಟಿತು. ಆಗಲೂ ದೀಪ ಹಸಿರೇ.

ಏಪ್ರಿಲಿನಲ್ಲಿ ಕ್ರೇನು ತರಿಸಿ ದೋಣಿಗಳನ್ನೆಲ್ಲ ನೀರಿಗಿಳಿಸಿ, ಬಾವುಟ ಏರಿಸಿ, ದೋಣಿ ಕಟ್ಟುವ ಧಕ್ಕೆಯ ಮೇಲೆ ಹೆರಿಂಗ್ ಮೀನು, ರೈ ಬ್ರೆಡ್ಡು, ಒಂದೊಂದು ಗುಟುಕು ಸ್ನಾಪ್ಸು ಹಂಚುತ್ತಿದ್ದಾಗ ನಾನು ಎಲ್ಲರನ್ನೂ ಕರೆದು ಹೊಸ ಕರೆಂಟು ತೋರಿಸಿದೆ. ಫ್ಯಾನು ತಿರುಗಿತು, ದೀಪ ಹತ್ತಿತು. ಕೈಯಲ್ಲಿದ್ದ ಬ್ರೆಡ್ಡು ಮುಗಿಯುವುದರೊಳಗೆ ಎರಡೂ ನಿಂತವು. ಮಾರಿದವನ ವಂಶವನ್ನೆಲ್ಲ ಬೈದೆ. ಆಗ ಬೋಡಿಲ್ ಬಂದಳು. ಬಂದರು ನೋಡಿಕೊಳ್ಳುವವಳೂ ಅವಳೇ, ಆಲೂಗಡ್ಡೆ ಬೆಳೆಯುವವಳೂ ಅವಳೇ. ಕನ್ನಡಕ ಏರಿಸಿ ಬ್ಯಾಟರಿಯ ಮೇಲಿನ ಚಿಕ್ಕ ಅಕ್ಷರ ಓದಿದಳು.

‘ಚಳಿಗಾಲ ಪೂರ್ತಿ ಇದು ಶೆಡ್ಡಲ್ಲೇ ಚಾರ್ಜಿಗಿತ್ತಾ?’

‘ಇನ್ನೇನು, ಹಾಸಿಗೇಲಿ ಪಕ್ಕ ಮಲಗಿಸ್ಕೋಬೇಕಿತ್ತಾ?’

‘ಮಲಗಿಸ್ಕೊಂಡಿದ್ರೆ ಬದುಕಿರೋದು. ನೀರು ಗಡ್ಡೆ ಕಟ್ಟೋ ಚಳೀಲಿ ಇದಕ್ಕೆ ಕರೆಂಟು ತುಂಬಬಾರ್ದು ಅಂತ ಬರ್ದಿದೆ ಇಲ್ಲಿ. ಕಲ್ಲಾದ ನೆಲದಲ್ಲಿ ನಾನು ಆಲೂಗಡ್ಡೆ ನೆಡ್ತೀನೇನೋ, ಮುದಿ ಸೀಲ್ ಪ್ರಾಣಿ?’

ಧಕ್ಕೆಯೆಲ್ಲ ನಕ್ಕಿತು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ.

ಹಾಗಾಗಿ ಇದನ್ನು ಗಟ್ಟಿಮಾಡಿಕೋ ಮಗಳೇ. ಚಳಿಯಲ್ಲಿ ಲಿಥಿಯಂ ಕೊಡಬಲ್ಲದು, ತೆಗೆದುಕೊಳ್ಳಲಾರದು. ಅಕ್ಟೋಬರಿನ ನಿಮ್ಮತ್ತೆಯ ಹಾಗೆ. ಕಾಫಿ ಬಗ್ಗಿಸಿಕೊಟ್ಟಳು, ಕಾಲುಚೀಲ ಮಡಿಸಿಟ್ಟಳು, ಆದರೆ ನನ್ನ ಒಂದು ಮಾತೂ ಒಳಗೆ ಇಳಿಯಲಿಲ್ಲ. ಅದರಿಂದ, ಚಳಿ ಹೆಚ್ಚಾದರೆ ತಾನೇ ಬಾಯಿ ಮುಚ್ಚಿಕೊಳ್ಳುವ ಕಾವಲು ಒಳಗಿರುವ ಬ್ಯಾಟರಿಯನ್ನೇ ಕೊಳ್ಳು. ಹೋಗಿ ಮೇಜು ಗುದ್ದಿ ಕೇಳಬಹುದಾದ ಅಂಗಡಿಯಲ್ಲಿ ಕೊಳ್ಳು. ಎಂಜಿನ್ ಎಬ್ಬಿಸಲು ಹಳೆಯ ಸೀಸದ್ದೇ ಇರಲಿ. ಎಂಜಿನ್ನಿನಿಂದ ಲಿಥಿಯಂಗೆ ನೇರವಾಗಿ ತಂತಿ ಎಳೆಯಬೇಡ, ಕರೆಂಟನ್ನು ಅಳೆದು ಬಿಡುವ ಒಂದು ಸಣ್ಣ ಡಬ್ಬಿ ಸಿಗುತ್ತದೆ, ಅದನ್ನು ನಡುವೆ ಕೂರಿಸು. ಇಲ್ಲವಾದರೆ ಇದು ಬಾಯಾರಿದ ಎತ್ತು ತೊಟ್ಟಿಗೆ ಮೂತಿ ಹಾಕಿದ ಹಾಗೆ ಹೀರಿ ಡೈನಮೊ ಸುಟ್ಟುಹೋಗುತ್ತದೆ. ಹೇಗೆ ಗೊತ್ತು ಅಂತ ಕೇಳಬೇಡ, ಕ್ಯಾಬಿನ್ನಿನಲ್ಲಿ ಇನ್ನೂ ವಾಸನೆ ಇದೆ. ಮೇ ತಿಂಗಳಲ್ಲಿ ಅರೆಜೀವದ ಆ ಎರಡನ್ನೂ ಎಂಜಿನ್ ಓಡಿಸಿ ಬದುಕಿಸಲು ಹೋಗಿದ್ದೆ. ಚಳಿಗಾಲದಲ್ಲಿ ಅರ್ಧ ತುಂಬಿಸಿ, ತಂತಿ ಕಿತ್ತು, ಅದರ ಪಾಡಿಗೆ ಬಿಟ್ಟುಬಿಡು. ಸಂಜೆ ಸಂಜೆ ಹೋಗಿ ನೋಡುವ ಅಭ್ಯಾಸ ಬೇಡ.

ಒಟ್ಟು ನಷ್ಟ ಒಂದೆರಡು ಸಾವಿರ ಕ್ರೋನರ್ ಇದ್ದೀತು. ಹೋಗಲಿ.

ಹೋದ ಗುರುವಾರ ನಾನು ನಿಮ್ಮೂರಿಗೆ ಬಂದಿದ್ದೆ. ಫೆರಿಯಲ್ಲಿ. ಅಂಗಡಿಯಲ್ಲಿ ಒಂದೇ ಒಂದು ಒಳ್ಳೆಯ ಬ್ಯಾಟರಿ ಕೊಂಡು, ಕೈಗಾಡಿಯಲ್ಲಿ ಇಟ್ಟುಕೊಂಡು, ನಿಮ್ಮ ಮನೆಯೆದುರಿನ ಬೇಕರಿ ಹತ್ತಿರ ನಿಂತಿದ್ದೆ. ರಿಗ್ಮೋರ್ ಕಿಟಕಿಯಲ್ಲಿದ್ದಳು, ಮೊಣಕೈ ಹರಿದ ಆ ನೀಲಿ ಸ್ವೆಟರು. ನನ್ನ ತಲೆಯ ಮೇಲಿಂದ ಬಂದರಿನ ಹಾಯಿಕಂಬಗಳ ಕಡೆ ನೋಡುತ್ತಿದ್ದಳು. ಕಣ್ಣು ಸ್ವಲ್ಪ ಕೆಳಗಿಳಿಸಿದ್ದರೆ ಕಾಣುತ್ತಿದ್ದೆ. ಗಂಟೆ ಒತ್ತಲಿಲ್ಲ. ಹಾಯಿ ಬಿಚ್ಚಿಕೊಂಡು ಬರುತ್ತೇನೆ ಅಂದವನು ಫೆರಿ ಟಿಕೆಟ್ಟು ಹಿಡಿದು ಮೆಟ್ಟಿಲು ಹತ್ತುವುದು ಹೇಗೆ? ಬೇಕರಿಯಲ್ಲಿ ರೂಢಿಯಂತೆ ಎರಡು ದಾಲ್ಚಿನ್ನಿ ಬನ್ನು ಕೊಂಡುಬಿಟ್ಟಿದ್ದೆ. ಎರಡನೆಯದನ್ನು ಫೆರಿಯ ಕಡಲಹಕ್ಕಿಗಳಿಗೆ ಹಾಕಿದೆ.

ಮೊನ್ನೆ ಪರೀಕ್ಷೆ ಮಾಡಿದೆ. ಬೋಡಿಲ್‌ಳ ತೀರಿಕೊಂಡ ಗಂಡನದೂ ಅಂಥದೇ ಯಂತ್ರ ಇತ್ತು. ಬೀರುವಿನಿಂದ ತೆಗೆದು, ಧೂಳು ಒರೆಸಿ, ಒಂದೂ ತಮಾಷೆ ಮಾಡದೆ ಕೊಟ್ಟಳು. ಲಂಗರು ಹಾಕಿ, ಆ ಮುಖವಾಡ ನಾನೇ ಕಟ್ಟಿಕೊಂಡು ರಿಗ್ಮೋರ್ ಮಲಗುವ ಕಡೆ ಮಲಗಿದೆ. ಸೊಂಡಿಲು ಕಟ್ಟಿದ ಸೀಲ್‌ನ ಹಾಗಿದ್ದೆ, ಪುಣ್ಯಕ್ಕೆ ನೋಡುವವರಿರಲಿಲ್ಲ. ಯಂತ್ರದ ಸದ್ದು ಎಷ್ಟು ಮೆಲ್ಲಗೆ ಗೊತ್ತಾ, ಪಕ್ಕದಲ್ಲಿ ಯಾರೋ ನಿಶ್ಚಿಂತೆಯಿಂದ ಉಸಿರಾಡುತ್ತಿರುವ ಹಾಗೆ. ಎಂಟು ತಿಂಗಳ ಮೇಲೆ ನನಗೆ ನಿದ್ದೆ ಬಂತು. ಬೆಳಿಗ್ಗೆ ಕಣ್ಣು ಬಿಟ್ಟಾಗ ಅದು ಇನ್ನೂ ಓಡುತ್ತಿತ್ತು, ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು.

ಹಾಗಿದ್ದರೆ ಯಾಕೆ ಬರಲಿಲ್ಲ ಅನ್ನುತ್ತೀಯ. ಗಾಳಿ ಅಲ್ಲ, ಮಾರೆನ್. ಏಪ್ರಿಲಿನಿಂದ ಆಕೆಗೆ ‘ಎಲ್ಲ ಸಿದ್ಧ, ಗಾಳಿಗೆ ಕಾಯ್ತಿದ್ದೀನಿ’ ಅಂತಲೇ ಬರೆದಿದ್ದೇನೆ. ಈಗ ಎದುರಿಗೆ ನಿಂತರೆ ‘ಅಷ್ಟು ದಿನ ಏನು ಮಾಡ್ತಿದ್ದೆ?’ ಅಂತ ಕೇಳುತ್ತಾಳೆ. ಆರು ಉತ್ತರ ಕಟ್ಟಿಟ್ಟುಕೊಂಡಿದ್ದೇನೆ, ಎರಡರಲ್ಲಿ ತಿಮಿಂಗಿಲ ಬರುತ್ತದೆ. ಯಾವುದನ್ನೂ ಆಕೆ ನಂಬುವುದಿಲ್ಲ.

ಇಪ್ಪತ್ತಮೂರಕ್ಕೆ ಸಾಂಕ್ಟ್ ಹಾನ್ಸ್. ದಡದುದ್ದಕ್ಕೂ ಬೆಂಕಿ ಹಾಕುವ ಸಂಜೆ. ಮದುವೆಯಾದಾಗಿನಿಂದ ನಾವು ಅದನ್ನು ನೀರಿನ ಮೇಲಿಂದ ನೋಡಿದವರು. ಆಕೆ ಬೆಂಕಿಗಳನ್ನು ಎಣಿಸುತ್ತಾಳೆ, ನಾನೂ ಎಣಿಸುತ್ತೇನೆ, ಆಕೆಯ ಲೆಕ್ಕಕ್ಕೆ ಯಾವಾಗಲೂ ಒಂದು ಹೆಚ್ಚೇ ಸಿಗುತ್ತದೆ. ಹೋದ ವರ್ಷ ನಾನೊಬ್ಬನೇ ಎಣಿಸಿದೆ. ಲೆಕ್ಕ ಸರಿಯೋ ತಪ್ಪೋ ಹೇಳುವವರಿರಲಿಲ್ಲ.

ಯೆಪ್ಪೆಗೆ ಕೇಳಿದೆ ಅಂತ ಹೇಳು. ಬಿಯರನ್ನು ಸಮುದ್ರಕ್ಕೇ ಇಳಿಸಲಿ.

ಹಾಯಿಗಿಂತ ಬಾಯಿ ದೊಡ್ಡದಾದ ನಿನ್ನ ಮಾವ,
ಥೋರ್ವಾಲ್

ಮರೆತಿದ್ದು: ಒಂದೆರಡು ಸಾವಿರ ಅಂತ ಬರೆದದ್ದು ಸುಳ್ಳು. ಆಕೆಯನ್ನು ‘ಬಾ’ ಅಂತ ಕರೆಯಲು ನನಗೆ ನಾಲಗೆ ಹೊರಳುತ್ತಿಲ್ಲ, ಆದ್ದರಿಂದ ನೀನು ಹೀಗೆ ಮಾಡು. ಇಪ್ಪತ್ತಮೂರರ ಬೆಳಿಗ್ಗೆ ‘ಲೆರ್ಕೆ’ಯನ್ನು ನಿಮ್ಮ ಧಕ್ಕೆಗೆ ತಂದು ಕಟ್ಟುತ್ತೇನೆ. ಹಾಯಿಕಂಬ ಕಿಟಕಿಯಿಂದ ಕಂಡ ಮೇಲೆ ಕಾಫಿ ಕೊಟ್ಟು, ನಿಜವಾದ ಮೊತ್ತ ಆಕೆಯ ಕಿವಿಗೆ ಹಾಕು. ಒಂದು ಬೆಣ್ಣೆ ಪೊಟ್ಟಣಕ್ಕೆ ಮೂರು ಅಂಗಡಿ ಸುತ್ತುವವಳು ಅದನ್ನು ಕೇಳಿ ಕುರ್ಚಿಯಲ್ಲಿ ಕೂತಿರಲಾರಳು, ಬೈಯಲಿಕ್ಕೆ ಖುದ್ದಾಗಿ ಇಳಿದು ಬಂದೇ ಬರುತ್ತಾಳೆ. ಯಂತ್ರದ ಪೆಟ್ಟಿಗೆಯನ್ನೂ ಕೈಗೆ ಕೊಟ್ಟು ಕಳಿಸು, ಅಷ್ಟು ದುಡ್ಡಿಗೆ ಬೈದು ಮುಗಿಸಲು ಒಂದು ಹಗಲು ಸಾಲುವುದಿಲ್ಲ. ಸತ್ತ ಬ್ಯಾಟರಿಗಳು, ಸುಟ್ಟ ಡೈನಮೊ ಎಲ್ಲ ಸೇರಿ ಹನ್ನೊಂದು ಸಾವಿರದ ನಾನೂರ ಐವತ್ತು ಕ್ರೋನರ್.